ಬೀಪ್ ಹಾಕಲೇಬೇಕಾ?

ಕಿರುಚಿತ್ರದ ಜಗಳದ ದೃಶ್ಯದಲ್ಲಿ ಅಮ್ಮ-ಅಕ್ಕನ ಬೈಗುಳ ಇದೆ, ಯೂಟ್ಯೂಬ್‌ಗೆ ಹಾಕಿದರೆ ಐಟಿ ಕಾಯ್ದೆಯ 67ನೇ ಸೆಕ್ಷನ್ (ಆನ್‌ಲೈನ್‌ನಲ್ಲಿ ಅಶ್ಲೀಲ ವಿಷಯ ಹಾಕುವ ಅಪರಾಧ) ಬೀಳುತ್ತದಾ ಅಂತ ಕೇಳಿದ್ದೀರಿ. ಬೈಗುಳ ಇದ್ದ ಮಾತ್ರಕ್ಕೆ ಬೀಳುವುದಿಲ್ಲ. ವೆಬ್ ಸರಣಿಯೊಂದರ ಕುರಿತ ಅಪೂರ್ವ ಅರೋರಾ ಪ್ರಕರಣದಲ್ಲಿ (ಮಾರ್ಚ್ 2024) ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು: ಹೊಲಸು ಮಾತು ಅಸಹ್ಯ ಹುಟ್ಟಿಸಬಹುದು, ಆದರೆ ಕಾಮ ಕೆರಳಿಸದಿದ್ದರೆ ಅದು ಅಶ್ಲೀಲವಲ್ಲ. ಬೈಯುವವನು ಆ ಪದದ ಅಕ್ಷರಶಃ ಅರ್ಥ ಇಟ್ಟುಕೊಂಡು ಬೈಯುವುದಿಲ್ಲವಲ್ಲ! ಸುಪ್ರೀಂ ಕೋರ್ಟಿನದೇ 2014ರ ಅವೀಕ್ ಸರ್ಕಾರ್ ತೀರ್ಪಿನ ನಂತರ ಕೃತಿಯನ್ನು ಇಡಿಯಾಗಿ, ಇಂದಿನ ಸಮಾಜದ ಅಳತೆಯಲ್ಲಿ ನೋಡಬೇಕು.

ಹಾಗಂತ ದೂರು ಬರುವುದೇ ಇಲ್ಲ ಅಂತಲ್ಲ. 67 ಸಂಜ್ಞೇಯ ಅಪರಾಧ, ಅಂದರೆ ಕೋರ್ಟಿನ ಅನುಮತಿ ಇಲ್ಲದೆಯೇ ಪೊಲೀಸರು ತನಿಖೆ ಮಾಡಬಹುದು, ಎಫ್‌ಐಆರ್ ಆಗಬಹುದು. ಮೊದಲ ಸಲ ಶಿಕ್ಷೆಯಾದರೆ 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಆದರೆ ಜಾಮೀನು ಸಿಗುವಂಥದ್ದು. ತನಿಖೆ ಮಾಡುವವರು ಕನಿಷ್ಠ ಇನ್‌ಸ್ಪೆಕ್ಟರ್ ದರ್ಜೆಯವರಾಗಿರಬೇಕು. ಎಫ್‌ಐಆರ್ ರದ್ದು ಕೋರಿ ಹೈಕೋರ್ಟಿಗೆ ಹೋಗಲು ಬಿಎನ್‌ಎಸ್‌ಎಸ್ (ಹೊಸ ಅಪರಾಧ ಪ್ರಕ್ರಿಯಾ ಕಾನೂನು) 528ನೇ ಸೆಕ್ಷನ್ ಇದೆ. ನಿಜಕ್ಕೂ ಹೆದರಬೇಕಾದದ್ದು 67ಎ: ಲೈಂಗಿಕ ಕ್ರಿಯೆಯನ್ನೇ ತೋರಿಸಿದರೆ 5 ವರ್ಷದವರೆಗೆ, ಜಾಮೀನುರಹಿತ.

ಎಡವುವುದು ಸಾಮಾನ್ಯವಾಗಿ ರೀಲ್ಸ್‌ನಲ್ಲಿ. ಬೈಗುಳದ ಇಪ್ಪತ್ತು ಸೆಕೆಂಡನ್ನಷ್ಟೇ ಕತ್ತರಿಸಿ ಹಾಕಿದರೆ ಸಂದರ್ಭವೇ ಹೋಗುತ್ತದೆ, ಕೃತಿಯನ್ನು ಇಡಿಯಾಗಿ ನೋಡಿ ಎಂಬ ನಿಮ್ಮ ಮುಖ್ಯ ವಾದವೂ ಸೊರಗುತ್ತದೆ. ಅಲ್ಲಿ ಮಾತ್ರ ಬೀಪ್ ಹಾಕಿ. ಶೀರ್ಷಿಕೆ, ಥಂಬ್‌ನೇಲ್‌ನಲ್ಲಿ ಬೈಗುಳ ಬೇಡ, ಯೂಟ್ಯೂಬ್ ಜಾಹೀರಾತು ಕಟ್ಟಾಗಬಹುದು. ನಿಜವಾದ ವ್ಯಕ್ತಿಯನ್ನು ಗುರಿಮಾಡಿ ಬೈದಿದ್ದರೆ ಮಾನಹಾನಿಯ ಲೆಕ್ಕವೇ ಬೇರೆ. ಚಿತ್ರಮಂದಿರದಲ್ಲಿ ತೋರಿಸುವುದಾದರೆ ಸೆನ್ಸಾರ್ ಪತ್ರ ಬೇಕು, ಯೂಟ್ಯೂಬ್‌ಗೆ ಬೇಡ.