ರಿಪೇರಿಯವನ ಪುಟ: ‘ಗ್ಯಾಸ್ ಹೋಗಿದೆ’ ಅಂದರಾ?

ಪ್ರಶ್ನೆ: ನಮ್ಮ ಫ್ರಿಜ್ಜಿಗೆ 17 ವರ್ಷ. ಈಚೆಗೆ ಮೋಟಾರು ನಿಲ್ಲುವುದೇ ಇಲ್ಲ, ರಾತ್ರಿಯಿಡೀ ಗುಂಯ್‌ಗುಡುತ್ತೆ. ಕೆಳಗಿನ ಡ್ರಾಯರ್ ಅಡಿ ನೀರು ನಿಲ್ಲುತ್ತೆ. ಐಸ್ ಮಾತ್ರ ಗಟ್ಟಿಯಾಗಿಯೇ ಆಗುತ್ತೆ. ನೋಡಲು ಬಂದವರು ಗ್ಯಾಸ್ ಹೋಗಿದೆ, ತುಂಬಿಸಿದರೆ ಸರಿಹೋಗುತ್ತೆ ಅಂದರು. ಮಗ ಹೊಸದು ತರೋಣ ಅಂತಾನೆ. ನಮ್ಮ ಯಜಮಾನರು ‘ಈಗಿನವು ಹಳೆಯವುಗಳಷ್ಟು ಗಟ್ಟಿ ಅಲ್ಲ’ ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಒಂದು ವಾರ ಯಾರ ಮಾತೂ ಕೇಳಬೇಡಿ.

ಮೊದಲು ಗ್ಯಾಸಿನ ವಿಚಾರ. ಅದೇನು ಗಾಡಿಯ ಪೆಟ್ರೋಲೇ, ಓಡಿದಷ್ಟೂ ಖಾಲಿಯಾಗಲು? ಬೆಸುಗೆ ಹಾಕಿ ಮುಚ್ಚಿದ ಕೊಳವೆಯೊಳಗೆ ಅದೇ ಗ್ಯಾಸು ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಕಮ್ಮಿಯಾಗಿದೆ ಅಂದರೆ ಎಲ್ಲೋ ತೂತು ಬಿದ್ದಿದೆ. ತೂತು ಹುಡುಕದೆ ತುಂಬಿಸುವವರಿಗೆ ಆರು ತಿಂಗಳಿಗೊಮ್ಮೆ ನಿಮ್ಮ ಮನೆಯ ದಾರಿ ಅಭ್ಯಾಸವಾಗುತ್ತದೆ, ಅಷ್ಟೆ. ನಿಜಕ್ಕೂ ಸೋರಿದ್ದರೆ ಫ್ರೀಜರು ಸೋಲುತ್ತಾ ಬರುತ್ತದೆ, ಹಿಮ ಒಂದು ಮೂಲೆಗೆ ಮಾತ್ರ ಹಿಡಿದು ಉಳಿದ ಜಾಗ ಬೋಳಾಗಿರುತ್ತದೆ. ನಿಮ್ಮಲ್ಲಿ ಐಸ್ ಗಟ್ಟಿಯಾಗುತ್ತಿದೆ. ಹಾಗಾಗಿ ನನ್ನ ಅನುಮಾನವೆಲ್ಲ ಬಾಗಿಲಿನ ಮೇಲೆ.

ಒಂದು ಕಾಗದದ ಚೀಟಿ ತೆಗೆದುಕೊಳ್ಳಿ. ಅರ್ಧ ಒಳಗೆ, ಅರ್ಧ ಹೊರಗೆ ಇರುವಂತೆ ಬಾಗಿಲು ಮುಚ್ಚಿ ಮೆಲ್ಲಗೆ ಎಳೆಯಿರಿ. ರಬ್ಬರು ಅದನ್ನು ಹಿಡಿದುಕೊಳ್ಳಬೇಕು, ಎಳೆದಾಗ ಬೆರಳಿಗೆ ಬಿಗಿ ತಿಳಿಯಬೇಕು. ಬೆಣ್ಣೆಯಲ್ಲಿ ಕೂದಲು ಬಂದಂತೆ ಬಂದುಬಿಟ್ಟರೆ ಅಲ್ಲಿ ಗಾಳಿ ನುಗ್ಗುತ್ತಿದೆ. ನಾಲ್ಕೂ ಬದಿ ನೋಡಿ. ಕೀಲಿನ ಕಡೆಯ ಕೆಳಮೂಲೆಯನ್ನು ಬಿಡಬೇಡಿ, ಮಡಿಕೆಯೊಳಗೆ ಕಪ್ಪು ಜಿಡ್ಡು ಕೂತು ರಬ್ಬರು ಒಳಕ್ಕೆ ಮಡಚಿಕೊಂಡಿರುವುದು ಬಹಳ ಸಲ ಅಲ್ಲೇ. ಬಿಸಿನೀರಿನ ಬಟ್ಟೆಯಿಂದ ಒರೆಸಿ, ಎಳೆದು ನೆಟ್ಟಗೆ ಮಾಡಿದರೆ ಕೆಲವೊಮ್ಮೆ ಅಷ್ಟಕ್ಕೇ ಸರಿಹೋಗುತ್ತದೆ. ಸೀಳಿದ್ದರೆ ರಬ್ಬರು ಬದಲಿಸಿ.

ಆಮೇಲೆ ಪ್ಲಗ್ ಕಿತ್ತು ಹಿಂದಕ್ಕೆ ತಿರುಗಿಸಿ. ಕರೀ ಕೊಳವೆಯ ಜಾಲರಿ ಕಂಡರೆ ಧೂಳು ಬ್ರಷ್‌ನಿಂದ ತೆಗೆಯಿರಿ. ಒಳಗಿನ ಶಾಖ ಹೊರಹೋಗುವುದು ಅಲ್ಲಿಂದಲೇ, ಅದಕ್ಕೆ ಧೂಳಿನ ಕಂಬಳಿ ಹೊದಿಸಿದರೆ ಮೋಟಾರು ನಿಲ್ಲುವುದು ಹೇಗೆ? ಜಾಲರಿ ಕಾಣದಿದ್ದರೆ ಅದು ಪಕ್ಕದ ಗೋಡೆಗಳೊಳಗಿರಬಹುದು, ಸುತ್ತ ಒಂದಿಷ್ಟು ಜಾಗ ಬಿಡಿ. ನೀರು ನಿಲ್ಲುವುದಕ್ಕೆ ಕಾರಣ ಬಹುತೇಕ ಹಿಂಗೋಡೆಯ ಬುಡದಲ್ಲಿ ನೀರಿಳಿಯುವ ಸಣ್ಣ ತೂತು ಕಟ್ಟಿಕೊಂಡಿರುವುದು. ಉಗುರುಬೆಚ್ಚಗಿನ ನೀರು ಬಿಟ್ಟು ನೋಡಿ. ಹಿಮ ಕೆರೆಯಲು ಚಾಕು ಮಾತ್ರ ಬೇಡ. ಚೆನ್ನಾಗಿದ್ದ ಫ್ರಿಜ್ಜಿನ ಕೊಳವೆಗೆ ಚಾಕು ತೂರಿಸಿ ನಿಮಿಷದಲ್ಲಿ ಕೊಂದವರನ್ನು ನಾನು ಕಂಡಿದ್ದೇನೆ.

ನನ್ನ 30 ವರ್ಷದ ಕೆಲಸದಲ್ಲಿ ಮರೆಯದ ಒಂದು ಮನೆ: ಕಂಪ್ರೆಸರ್ (ಗ್ಯಾಸನ್ನು ಒತ್ತಿ ಸುತ್ತಿಸುವ ಮೋಟಾರು) ಸತ್ತಿದೆ ಎಂದು ಹೊಸ ಫ್ರಿಜ್ಜಿಗೆ ಹೇಳಿಯೂ ಆಗಿತ್ತು. ಪ್ಲಗ್ ಹಾಕಿದರೆ ಟಿಕ್, ಮತ್ತೆ ಮೌನ. ಕಂಪ್ರೆಸರನ್ನು ಚಾಲೂ ಮಾಡುವ ಸಣ್ಣ ಸ್ವಿಚ್ಚು, ಅಂದರೆ ರಿಲೇ ಬಿಚ್ಚಿದೆ, ಒಳಗೆ ಸುಟ್ಟ ಜಿರಳೆ. ಅಂಗೈಯಲ್ಲಿ ಹಿಡಿಯುವ ಆ ರಿಲೇ ಬದಲಿಸಿದೆ, ಫ್ರಿಜ್ಜು ಎದ್ದು ಕೂತಿತು.

ಇಷ್ಟಾದ ಮೇಲೆ ಅಳೆಯಿರಿ. ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಇಟ್ಟು ರಾತ್ರಿಯೆಲ್ಲ ಒಳಗೆ ಬಿಡಿ. ಬೆಳಗ್ಗೆ 4 ಡಿಗ್ರಿ ಅಥವಾ ಅದಕ್ಕಿಂತ ಕೆಳಗಿದ್ದರೆ ಒಳ್ಳೆಯದು. ಪ್ಲಗ್‌ಗೆ ಸಿಕ್ಕಿಸುವ ವಿದ್ಯುತ್ ಮೀಟರ್ ಯಾರ ಬಳಿಯಾದರೂ ಇದ್ದರೆ ಎರಡು ದಿನಕ್ಕೆ ಕೇಳಿ ತನ್ನಿ. ಹೊಸ ಫ್ರಿಜ್ಜಿನ ಲೇಬಲ್ಲಿನಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಎಂದಿದ್ದರೆ 365ರಿಂದ ಭಾಗಿಸಿ ಹೋಲಿಸಿ. ನಿಮ್ಮದು ದಿನಕ್ಕೆ 2 ಯೂನಿಟ್ ತಿಂದು ಹೊಸದು 1 ತಿನ್ನುವುದಾದರೆ ವರ್ಷಕ್ಕೆ 365 ಯೂನಿಟ್ ಉಳಿತಾಯ. ಆಗ ನಿಮ್ಮ ಮಗನ ಮಾತಿಗೆ ತೂಕ ಬರುತ್ತದೆ. ವ್ಯತ್ಯಾಸ ಅಲ್ಪಸ್ವಲ್ಪವಾದರೆ ಇರುವುದನ್ನೇ ಓಡಿಸಿ.

ಯಜಮಾನರಿಗೂ ಒಂದು ಮಾತು. ಹಳೆಯವೆಲ್ಲ ಗಟ್ಟಿ ಅನ್ನಿಸುವುದು ಉಳಿದವು ಮಾತ್ರ ಕಣ್ಣಿಗೆ ಬೀಳುವುದರಿಂದ. ಐದೇ ವರ್ಷಕ್ಕೆ ಗುಜರಿಗೆ ಹೋದವನ್ನು ಈಗ ಯಾರೂ ಹೊಗಳುತ್ತಿಲ್ಲ. (ನಾನೇ ಎಷ್ಟೋ ಹೊತ್ತು ಹಾಕಿದ್ದೇನೆ.)

ಕೊಳವೆಯೇ ತೂತಾಗಿದ್ದರೆ ಅಥವಾ ಕಂಪ್ರೆಸರ್ ಕೆಟ್ಟಿದ್ದರೆ 17 ವರ್ಷದ ಪೆಟ್ಟಿಗೆಗೆ ದುಡ್ಡು ಹಾಕಬೇಡಿ. ಹೊಸದು ತಂದ ಮೇಲೆ ಹಳೆಯದನ್ನು ‘ಇರಲಿ’ ಅಂತ ಇನ್ನೊಂದು ಕೋಣೆಯಲ್ಲಿ ಓಡಿಸುವುದೂ ಬೇಡ, ಉಳಿಸಿದ ಕರೆಂಟು ಅಲ್ಲೇ ಕರಗುತ್ತದೆ. ಹೊರಗಿಡುವ ದಿನ ಬಾಗಿಲು ಕಳಚಿಯೇ ಇಡಿ. ಆಟಕ್ಕೆ ಒಳಹೊಕ್ಕ ಮಕ್ಕಳಿಗೆ ಆ ಬಾಗಿಲು ಒಳಗಿನಿಂದ ತೆರೆಯದೆ ಹೋಗಬಹುದು, ಒಳಗಿನ ಗಾಳಿಯೂ ಹೆಚ್ಚು ಹೊತ್ತು ಸಾಲುವುದಿಲ್ಲ.

ಚೀಟಿ ಯಾವ ಮೂಲೆಯಲ್ಲಿ ಜಾರಿತು, ಮೀಟರ್ ಎಷ್ಟು ತೋರಿಸಿತು ಎರಡನ್ನೂ ಬರೆದು ಕಳಿಸಿ. ಮುಂದಿನದು ಆಮೇಲೆ ನೋಡೋಣ.