ಹೆರಿಗೆಗೆ ಮೂರು ದಿನಾಂಕ: ಯಾವುದನ್ನು ನಂಬಬೇಕು?

ಪ್ರಶ್ನೆ: ನನಗಿದು ಚೊಚ್ಚಲ ಬಸಿರು. ಕೊನೆಯ ಸಲ ಮುಟ್ಟಾದದ್ದು ಜನವರಿ 10ರಂದು; ಆ ಲೆಕ್ಕದಂತೆ ಹೆರಿಗೆ ಅಕ್ಟೋಬರ್ 17ಕ್ಕೆ ಎಂದಿದ್ದರು. ಮಾರ್ಚ್ 12ರ ಸ್ಕ್ಯಾನಿಂಗ್‌ನಲ್ಲಿ ಭ್ರೂಣದ ಉದ್ದ 11 ಮಿಲಿಮೀಟರ್, ವಯಸ್ಸು 7 ವಾರ 2 ದಿನ, ಹೃದಯ ಬಡಿತವಿದೆ ಎಂದು ಬರೆದು ದಿನಾಂಕವನ್ನು ಅಕ್ಟೋಬರ್ 27ಕ್ಕೆ ಬದಲಿಸಿದರು. ಐದನೇ ತಿಂಗಳ ವರದಿಯಲ್ಲಿ ಅಕ್ಟೋಬರ್ 23 ಎಂದಿದೆ. ನನಗೆ ಮುಟ್ಟು 38–40 ದಿನಕ್ಕೊಮ್ಮೆ ಆಗುತ್ತದೆ. ಮಗುವಿನ ಬೆಳವಣಿಗೆ ಕುಂಠಿತವಾಗಿದೆಯೇನೋ ಎಂದು ಅತ್ತೆಯವರಿಗೆ ಆತಂಕ. ಯಾವ ದಿನಾಂಕ ಸರಿ?
– ಓದುಗರೊಬ್ಬರು, ಹಾಸನ ಜಿಲ್ಲೆ

ಉತ್ತರ: ಅಕ್ಟೋಬರ್ 27 ಅನ್ನೇ ಹಿಡಿಯಿರಿ. ಕೊನೆಯ ಮುಟ್ಟಿನ ಮೊದಲ ದಿನಕ್ಕೆ 280 ದಿನ ಕೂಡಿಸುವ ಲೆಕ್ಕವು, ಮುಟ್ಟು 28 ದಿನಕ್ಕೊಮ್ಮೆ ಬರುತ್ತದೆ, ಅಂಡಾಣು 14ನೇ ದಿನದ ಹೊತ್ತಿಗೆ ಹೊರಬರುತ್ತದೆ ಎಂದು ಭಾವಿಸಿಕೊಂಡೇ ಮಾಡಿದ್ದು. 38–40 ದಿನಗಳ ಚಕ್ರವಿರುವ ನಿಮ್ಮಲ್ಲಿ ಅದು ಸುಮಾರು 24–26ನೇ ದಿನಕ್ಕೆ ಹೊರಬಂದಿರುತ್ತದೆ. ಎಂದರೆ ಬಸಿರು ನಿಂತದ್ದೇ ತಡವಾಗಿ. ಮಗು ಹಿಂದೆ ಬಿದ್ದಿಲ್ಲ. ಮಾರ್ಚ್ 12ರಂದು ಮುಟ್ಟಿನ ಲೆಕ್ಕಕ್ಕೂ ಅಳತೆಗೂ ಇದ್ದ 10 ದಿನಗಳ ಅಂತರಕ್ಕೆ ಇಷ್ಟೇ ಕಾರಣವೆಂದು ತೋರುತ್ತದೆ.

ಆ ದಿನ ಅಳೆದದ್ದು ಭ್ರೂಣದ ನೆತ್ತಿಯಿಂದ ಪೃಷ್ಠದವರೆಗಿನ ಉದ್ದವನ್ನು. ವರದಿಯಲ್ಲಿ ಇದು ಸಿ.ಆರ್.ಎಲ್. ಎಂದಿರುತ್ತದೆ. ತಂದೆತಾಯಿ ಎತ್ತರವಿರಲಿ, ಗಿಡ್ಡವಿರಲಿ, ಮೊದಲ ಮೂರು ತಿಂಗಳಲ್ಲಿ ಒಂದೇ ವಯಸ್ಸಿನ ಭ್ರೂಣಗಳು ಬಹುಮಟ್ಟಿಗೆ ಒಂದೇ ಉದ್ದವಿರುವುದರಿಂದ ಮತ್ತು ಈ ಹಂತದಲ್ಲಿ ಭ್ರೂಣ ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಬೆಳೆಯುವುದರಿಂದ, ಈ ಅಳತೆ ಹೇಳುವ ವಯಸ್ಸಿನಲ್ಲಿ ಸಾಮಾನ್ಯವಾಗಿ 5–7 ದಿನಗಳಿಗಿಂತ ಹೆಚ್ಚು ತಪ್ಪಾಗುವುದಿಲ್ಲ. ಮುಟ್ಟಿನ ಲೆಕ್ಕದಲ್ಲಿ 9 ವಾರ ತುಂಬುವ ಮೊದಲು 5 ದಿನಕ್ಕಿಂತ, ಅನಂತರ 14 ವಾರದೊಳಗೆ 7 ದಿನಕ್ಕಿಂತ ಹೆಚ್ಚು ಅಂತರ ಕಂಡರೆ ಸ್ಕ್ಯಾನಿಂಗ್ ದಿನಾಂಕವನ್ನು ಒಪ್ಪುವುದು ರೂಢಿ. ಇನ್ನೂ ಮುಂಚೆ, ಭ್ರೂಣ ಕಾಣದೆ ಗರ್ಭಚೀಲ ಮಾತ್ರ ಕಂಡಾಗ, ಚೀಲದ ಅಳತೆಯಿಂದ ದಿನಾಂಕ ಗೊತ್ತುಮಾಡುವುದು ಸರಿಯಲ್ಲ. ಉದ್ದ 84 ಮಿಲಿಮೀಟರ್ ದಾಟಿದ ಮೇಲೆ ತಲೆ, ಹೊಟ್ಟೆ ಮತ್ತು ತೊಡೆಮೂಳೆಯ ಅಳತೆಗಳನ್ನು ನೆಚ್ಚಬೇಕಾಗುತ್ತದೆ.

ಐದನೇ ತಿಂಗಳ ಹೊತ್ತಿಗೆ ಮಕ್ಕಳ ಗಾತ್ರದಲ್ಲಿ ಸಹಜ ವ್ಯತ್ಯಾಸ ಕಾಣತೊಡಗುತ್ತದೆ. ಆಗಿನ ಅಂದಾಜು 10 ದಿನ ಅತ್ತಿತ್ತ ಆಗಬಹುದಾದ್ದರಿಂದ ನಿಮ್ಮ 4 ದಿನಗಳ ವ್ಯತ್ಯಾಸ ಗಣನೆಗೇ ಬಾರದು. ಯಂತ್ರವು ಪ್ರತಿ ಸಲವೂ ಅಂದಿನ ಅಳತೆಗೆ ತಕ್ಕ ಹೊಸ ದಿನಾಂಕವನ್ನು ತಾನಾಗಿಯೇ ಮುದ್ರಿಸುತ್ತದೆ. ಈ ಗೊಂದಲದ ಬಹುಪಾಲು ಅದರಿಂದಲೇ ಹುಟ್ಟಿದ್ದು. ಹಾಗೆ ದಿನಾಂಕ ಬದಲಿಸುತ್ತ ಹೋದರೆ, ನಿಜಕ್ಕೂ ಬೆಳವಣಿಗೆ ಕುಗ್ಗಿದ ಮಗುವನ್ನೂ ‘ವಯಸ್ಸು ಕಡಿಮೆ’ ಎಂದು ತಪ್ಪಾಗಿ ತಿಳಿಯುವ ಅಪಾಯವಿದೆ. ಇತ್ತ ಅಕ್ಟೋಬರ್ 17ಕ್ಕೇ ಅಂಟಿಕೊಂಡರೆ, ದಿನ ಮೀರಿತೆಂದು ಅವಧಿಗೆ ಮುಂಚೆಯೇ ನೋವು ಬರಿಸುವ ಔಷಧಿ ಕೊಡುವಂತಾದೀತು.

ಮುಟ್ಟು ಕ್ರಮವಾಗಿದ್ದು, ದಿನಾಂಕವೂ ಖಚಿತವಾಗಿ ನೆನಪಿದ್ದು, ಆದರೂ ಭ್ರೂಣ ತೀರ ಚಿಕ್ಕದಿದ್ದರೆ ಮಾತ್ರ ಒಂದೆರಡು ವಾರದಲ್ಲಿ ಮತ್ತೆ ಪರೀಕ್ಷಿಸಬೇಕಾಗುತ್ತದೆ. ನಿಮ್ಮದು ಅಂಥ ಸಂದರ್ಭವಲ್ಲ. ತಾಯಿ ಕಾರ್ಡಿನಲ್ಲಿ ಅಕ್ಟೋಬರ್ 27 ಎಂದು ವೈದ್ಯರಿಂದ ತಿದ್ದಿಸಿಕೊಂಡು, ಮಾರ್ಚ್ 12ರ ವರದಿಯನ್ನು ಪ್ರತಿ ತಪಾಸಣೆಗೂ ಒಯ್ಯಿರಿ.