ಬೋಟ್ ಇಂಜಿನ್ನಿನ ಆಯಿಲನ್ನು ಕೆಳಗಿಂದ ಇಳಿಸದೆ ಪಂಪಿನಿಂದ ಮೇಲಕ್ಕೆ ಎಳೆಯುವುದು ಯಾಕೆ? ಕಾರಿಗೂ ಆಗುತ್ತದಾ?

ಕೆಳಗೆ ಜಾಗ ಇಲ್ಲ, ಅದಕ್ಕೆ. ಕಾರವಾರದ ಬೈತಖೋಲ್ ಬಂದರಿನಲ್ಲಿ ಯಾವುದಾದರೂ ಟ್ರಾಲರ್ ಬೋಟಿನ ಇಂಜಿನ್ ರೂಮಿಗೆ ಇಳಿದು ನೋಡಿ, ಇಂಜಿನ್ ತಳಕ್ಕೆ ಅಂಟಿಕೊಂಡ ಹಾಗೆ ಕೂತಿರುತ್ತದೆ, ಅದರಡಿ ಬಾಣಲೆ ಇಡುವುದಿರಲಿ, ಸ್ಪ್ಯಾನರ್ ಹಿಡಿದ ಕೈ ತೂರುವುದೂ ಕಷ್ಟ. ಹೇಗೋ ಆಯಿಲ್ ಇಳಿಸುವ ತಳದ ಬೋಲ್ಟ್ ಬಿಚ್ಚಿದರೂ ಆಯಿಲೆಲ್ಲ ಬೋಟಿನ ತಳದಲ್ಲಿ ನಿಂತ ನೀರಿಗೆ ಸೇರುತ್ತದೆ. ಆ ನೀರನ್ನು ಹೊರಹಾಕಿದರೆ ಸೀದಾ ಸಮುದ್ರಕ್ಕೆ.

ಅದಕ್ಕೇ ಡಿಪ್‌ಸ್ಟಿಕ್, ಅಂದರೆ ಆಯಿಲ್ ಎಷ್ಟಿದೆ ಎಂದು ನೋಡುವ ಕಡ್ಡಿ, ತೆಗೆದು, ಅದೇ ತೂತಿನಲ್ಲಿ ತೆಳ್ಳಗಿನ ಪೈಪನ್ನು ತಳ ಮುಟ್ಟುವವರೆಗೆ ಇಳಿಸುತ್ತಾರೆ. ಪೈಪಿನ ಇನ್ನೊಂದು ತುದಿ ಪಂಪಿನ ಮುಚ್ಚಿದ ಡಬ್ಬಿಗೆ ಸೇರಿರುತ್ತದೆ, ಪಂಪ್ ಹೊಡೆದಾಗ ಆ ಡಬ್ಬಿಯೊಳಗಿನ ಗಾಳಿ ಖಾಲಿಯಾಗುತ್ತದೆ. ಆಗ ಹೊರಗಿನ ಗಾಳಿಯ ಒತ್ತಡವೇ ಆಯಿಲನ್ನು ಪೈಪಿನಲ್ಲಿ ಮೇಲಕ್ಕೆ ತಳ್ಳುತ್ತದೆ, ಸ್ಟ್ರಾ ಹಾಕಿ ಎಳನೀರು ಕುಡಿದ ಹಾಗೇ. ಆಯಿಲ್ ತಣ್ಣಗಿದ್ದರೆ ದಪ್ಪ, ಬೇಗ ಏರುವುದಿಲ್ಲ, ಹಾಗಾಗಿ ಮೊದಲು ಇಂಜಿನ್ ಸ್ವಲ್ಪ ಹೊತ್ತು ಓಡಿಸಿ ಬೆಚ್ಚಗೆ ಮಾಡಿಕೊಳ್ಳಬೇಕು. ಜಾಸ್ತಿ ಬಿಸಿ ಬೇಡ, ಪೈಪ್ ಮೆತ್ತಗಾಗಬಹುದು. ಗುಳುಗುಳು ಸದ್ದು ಬಂದ ತಕ್ಷಣ ನಿಲ್ಲಿಸಬೇಡಿ. ಪೈಪನ್ನು ಆಚೀಚೆ ಆಡಿಸಿದರೆ ಮೂಲೆಯಲ್ಲಿ ಉಳಿದದ್ದೂ ಬರುತ್ತದೆ.

ಕಾರಿಗೂ ಆಗುತ್ತದೆ, ಆದರೆ ಪೈಪ್ ತಳ ಮುಟ್ಟಬೇಕು. ಕೆಲವು ಕಾರುಗಳಲ್ಲಿ ಮುಟ್ಟುವುದಿಲ್ಲ, ಕೆಲವದರಲ್ಲಿ ಡಿಪ್‌ಸ್ಟಿಕ್ಕೇ ಇಲ್ಲ! ಬಂದ ಆಯಿಲನ್ನು ಅಳೆದು, ಕಾರಿನ ಪುಸ್ತಕದಲ್ಲಿರುವ ಲೆಕ್ಕಕ್ಕೆ ಹೋಲಿಸಿ. ತುಂಬಾ ಕಡಿಮೆ ಬಂದಿದ್ದರೆ ಉಳಿದದ್ದು ಒಳಗೇ ಇರಬಹುದು. ಸುಮ್ನೆ ಪೂರ್ತಿ ಹೊಸದು ಸುರಿದರೆ ಲೆವೆಲ್ ಮೀರುತ್ತದೆ. ಫಿಲ್ಟರ್ ಮಾತ್ರ ಹೇಗಿದ್ದರೂ ಕೈಯಿಂದಲೇ ಬಿಚ್ಚಬೇಕು.